ಮೂಲೆಗೆ ಪಟ್ಟಿ ಕೂರಿಸುವುದು ಹೇಗೆ?

ರಾಮನಗರದ ಪೇಟೆಯಲ್ಲಿ ಗೂಡು ಅಂದರೆ ರೇಷ್ಮೆ ಗೂಡು. ಅಡುಗೆಮನೆಯಲ್ಲಿ ಗೂಡು ಅಂದರೆ ಬೇರೆ. ಅದು ಗೋಡೆಯೊಳಗೆ ಬಿಟ್ಟ ಸಣ್ಣ ಜಾಗ. ಉಪ್ಪಿನ ಜಾಡಿ, ದೀಪ, ಬೆಂಕಿಪೊಟ್ಟಣ ಇಡುವ ಜಾಗ. ನಮ್ಮ ಅಜ್ಜಿಯರ ಕಾಲದ ಗೂಡಿಗೆ ಬಾಗಿಲು ಇರಲಿಲ್ಲ. ಆಮೇಲೆ ಗೂಡು ದೊಡ್ಡದಾಯಿತು. ಕಡಪ ಕಲ್ಲಿನ ಹಲಗೆ ಬಂತು. ಕಲ್ಲಿಗೆ ಮರದ ಚೌಕಟ್ಟು ಬಂತು, ಚೌಕಟ್ಟಿಗೆ ಬಾಗಿಲು ಬಂತು. ಈಗ ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲೂ ಹೊಸ ಮನೆ ಕಟ್ಟುವವರು ಅಡುಗೆಮನೆಗೆ ಒಂದು ಮರದ ಬೀರು ಬೇಕು ಅಂತಾರೆ.

ಬೀರು ಬಂದ ಮೇಲೆ ಅದರ ಅಂಚಿಗೆ ಚಿತ್ತಾರದ ಪಟ್ಟಿ ಹೊಡೆಸುತ್ತಾರೆ. ಇದನ್ನು ಮರದಂಗಡಿಯಲ್ಲಿ ಬೀಡಿಂಗ್ ಅನ್ನುತ್ತಾರೆ. ಸಣ್ಣ ಪಟ್ಟಿ. ಮೇಲೆ ಉಬ್ಬು, ಗೆರೆ, ಕೆಲವದರಲ್ಲಿ ಬಳ್ಳಿ, ಹೂವು. ಇದು ಬರೀ ಚೆಂದಕ್ಕೆ ಅಲ್ಲ. ಹಲಗೆಯ ಹಸಿ ಅಂಚನ್ನು ಮುಚ್ಚುತ್ತದೆ. ಬೀರುವಿಗೂ ಗೋಡೆಗೂ ನಡುವಿನ ಸಂದನ್ನು ಮುಚ್ಚುತ್ತದೆ. ಪ್ಲೈವುಡ್ಡಿನ ಅಂಚಿಗೆ ನೀರು ಇಳಿಯದ ಹಾಗೆ ತಡೆಯುತ್ತದೆ.

ನೇರ ಜಾಗದಲ್ಲಿ ಪಟ್ಟಿ ಹೊಡೆಯುವುದು ಕಷ್ಟವಲ್ಲ. ಅಳೆದು, ಕೊಯ್ದು, ಅಂಟು ಹಾಕಿ ಮೊಳೆ ಹೊಡೆದರೆ ಆಯಿತು. ಕಷ್ಟ ಇರುವುದು ಮೂಲೆಯಲ್ಲಿ. ಎರಡು ಪಟ್ಟಿ ಬಂದು ಕೂಡುವ ಜಾಗ ಅದು. ಅಲ್ಲಿ ಒಂದು ನೂಲು ಸಂದು ಬಿಟ್ಟರೂ ದೂರದಿಂದ ಕಪ್ಪು ಗೆರೆ ಕಾಣುತ್ತದೆ. ಕಂಡರೆ ಕಾಣಲಿ ಬಿಡಿ ಅನ್ನಬಹುದು. ಆದರೆ ಆ ಸಂದಿಗೆ ಎಣ್ಣೆ ಹೊಗೆ ಹೋಗಿ ಕೂರುತ್ತದೆ. ಹಿಟ್ಟಿನ ಧೂಳು ಸೇರುತ್ತದೆ. ಜಿರಲೆ ಮರಿ ಮಾಡುತ್ತದೆ. ಒರೆಸುವ ಬಟ್ಟೆಯ ನೂಲು ಸಿಕ್ಕಿ ಪಟ್ಟಿಯೇ ಕಿತ್ತು ಬರುತ್ತದೆ.

ಆಚಾರಿ ಕೆಲಸ ನಮಗೆ ಯಾಕೆ, ಅದಕ್ಕೆ ಆಚಾರ್ರು ಇದ್ದಾರಲ್ಲ ಅಂತ ಸಂಜೆ ತರಗತಿಯಲ್ಲಿ ಅಕ್ಕ ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗೇ ಇದೆ. ಆದರೆ ಆಚಾರ್ರು ಬರುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಗಂಡಸರು ಹೊಲಕ್ಕೋ ಮಾರ್ಕೆಟ್ಟಿಗೋ ಹೋಗಿರುತ್ತಾರೆ. ಕೆಲಸ ಮಾಡಿಸುವುದು ಮನೆಯಾಕೆ. ಕಾಫಿ ಕೊಡುವುದೂ ಅವರೇ, ಸಂಜೆ ದುಡ್ಡು ಕೊಡುವುದೂ ಅವರೇ. ಆ ಬೀರುವಿನ ಮುಂದೆ ಮುಂದಿನ ಇಪ್ಪತ್ತು ವರ್ಷ ನಿಲ್ಲುವುದೂ ಅವರೇ. ಪಟ್ಟಿಯ ಲೆಕ್ಕ ಅಡಿಯಲ್ಲಿ. ಮರ ಒಮ್ಮೆ ಕೊಯ್ದರೆ ಮತ್ತೆ ಕೂಡುವುದಿಲ್ಲ. ಗಿಡ್ಡ ಕೊಯ್ದ ಪಟ್ಟಿಯ ದುಡ್ಡು ಮನೆಯವರದೇ. ಆದ್ದರಿಂದ ಈ ಕೆಲಸ ಹೇಗೆ ನಡೆಯುತ್ತದೆ ಅಂತ ನಾವು ತಿಳಿದಿರೋಣ. ಕೈಯಿಂದ ಮಾಡುವ ಆಸೆ ಇದ್ದವರು ಮಾಡಲೂಬಹುದು.

ಸೆರಗಿನ ಅಂಚು, ಬೀರುವಿನ ಅಂಚು

ಹೊಲಿಗೆ ಬಲ್ಲವರಿಗೆ ಇದು ಅರ್ಧ ಗೊತ್ತಿರುವ ಕೆಲಸ. ಮೇಜಿನ ಬಟ್ಟೆಗೆ ಸುತ್ತ ಬಣ್ಣದ ಅಂಚು ಕೂಡಿಸುತ್ತೀರಿ. ಮೂಲೆ ಬಂದಾಗ ಏನು ಮಾಡುತ್ತೀರಿ? ಅಂಚನ್ನು ಓರೆಯಾಗಿ ಮಡಿಸುತ್ತೀರಿ. ಒಳಮೂಲೆಯಿಂದ ಹೊರಮೂಲೆಗೆ ಒಂದು ಓರೆ ಗೆರೆ ಬೀಳುತ್ತದೆ. ಆ ಗೆರೆಯ ಎರಡೂ ಕಡೆ ಅಂಚು ಒಂದೇ ಹಾಗೆ ಕಾಣುತ್ತದೆ.

ಮರದ ಪಟ್ಟಿಯಲ್ಲೂ ಅದೇ ಓರೆ ಗೆರೆ. ಆದರೆ ಮರ ಮಡಿಸಲು ಬರುವುದಿಲ್ಲ. ಆದ್ದರಿಂದ ಎರಡು ಪಟ್ಟಿಯ ತುದಿಯನ್ನೂ ಓರೆಯಾಗಿ ಕೊಯ್ದು ಕೂಡಿಸುತ್ತಾರೆ. ಮೂಲೆ ಸರಿಯಾಗಿ ಚೌಕವಾಗಿದ್ದರೆ ಅದು 90 ಡಿಗ್ರಿ. ಅದರ ಅರ್ಧ 45. ಎರಡೂ ಪಟ್ಟಿಯ ತುದಿಯನ್ನು 45ಕ್ಕೆ ಕೊಯ್ದರೆ ಕೂಡಬೇಕು.

ಕೂಡಬೇಕು ಅಂದೆವು. ಎಷ್ಟೋ ಸಲ ಕೂಡುವುದಿಲ್ಲ. ಕಾರಣ ಪಟ್ಟಿಯಲ್ಲಿ ಇಲ್ಲ, ಮೂಲೆಯಲ್ಲಿ ಇದೆ. ಗಾರೆ ಮಾಡುವಾಗ ಮೂಲೆಗೆ ಸಿಮೆಂಟು ಸ್ವಲ್ಪ ಹೆಚ್ಚು ಬಿದ್ದಿರುತ್ತದೆ. ಮಣ್ಣಿನ ಗೋಡೆ ಹೊಟ್ಟೆ ಬಿಟ್ಟಿರುತ್ತದೆ. ಬೀರು ಜೋಡಿಸುವಾಗ ಒಂದು ಪಕ್ಕ ಚೂರು ತಿರುಗಿರುತ್ತದೆ. ಕಣ್ಣಿಗೆ ಚೌಕವಾಗಿ ಕಾಣುವ ಮೂಲೆ 88 ಡಿಗ್ರಿ ಇರಬಹುದು, 92 ಇರಬಹುದು. ಈಗ ಪೇಟೆಯಲ್ಲಿ ಕರೆಂಟಿನ ಗರಗಸ ಇದೆ. 45 ಅಂದರೆ ಕರೆಕ್ಟಾಗಿ 45ಕ್ಕೆ ಕೊಯ್ದು ಕೊಡುತ್ತದೆ. ಆದರೆ ಆ ಯಂತ್ರ ನಿಮ್ಮ ಮನೆ ಗೋಡೆ ನೋಡಿಲ್ಲ. ಅಳತೆಯನ್ನು ಮೂಲೆಯಿಂದಲೇ ತೆಗೆಯಬೇಕು.

ಮೂಲೆ ಚೌಕವಾಗಿದೆಯೇ?

ಇದನ್ನು ತಿಳಿಯಲು ಟೇಪು, ಪೆನ್ಸಿಲು ಸಾಕು. ಅಂಕಿ ಓದಲು ಬಂದರೆ ಆಯಿತು.

ಬೀರುವಿನ ಮೇಲಿನ ಹಲಗೆಯ ಮೂಲೆ ತೆಗೆದುಕೊಳ್ಳಿ. ಮೂಲೆಯಿಂದ ಒಂದು ಅಂಚಿನ ಮೇಲೆ 30 ಸೆಂಟಿಮೀಟರಿಗೆ ಚುಕ್ಕೆ ಇಡಿ. ಅದೇ ಮೂಲೆಯಿಂದ ಇನ್ನೊಂದು ಅಂಚಿನ ಮೇಲೆ 40 ಸೆಂಟಿಮೀಟರಿಗೆ ಚುಕ್ಕೆ ಇಡಿ. ಈಗ ಚುಕ್ಕೆಯಿಂದ ಚುಕ್ಕೆಗೆ ಅಳೆಯಿರಿ. 50 ಬಂದರೆ ಮೂಲೆ ಚೌಕ. 51 ಬಂದರೆ ಮೂಲೆ ಬಾಯಿ ಬಿಟ್ಟಿದೆ. 49 ಬಂದರೆ ಮೂಲೆ ಮುಚ್ಚಿಕೊಂಡಿದೆ. ಪಾಯ ಗುರುತು ಹಾಕುವಾಗ ಮೇಸ್ತ್ರಿಗಳು ಮಾಡುವುದೂ ಇದನ್ನೇ. ಅವರು 3 ಅಡಿ, 4 ಅಡಿ, 5 ಅಡಿ ಹಿಡಿಯುತ್ತಾರೆ. 3, 4, 5 ಈ ಮೂರು ಅಂಕಿ ನೆನಪಿದ್ದರೆ ಸಾಕು. ಎಷ್ಟು ಪಾಲು ದೊಡ್ಡದು ಮಾಡಿದರೂ ಲೆಕ್ಕ ಒಂದೇ.

ಗೋಡೆಯ ಮೂಲೆಗೂ ಇದೇ ರೀತಿ. ಪಟ್ಟಿ ಕೂರುವ ಎತ್ತರದಲ್ಲೇ ಅಳೆಯಿರಿ. ನೆಲದ ಹತ್ತಿರ ಚೌಕವಾಗಿರುವ ಮೂಲೆ ಮೇಲೆ ಹೋದಾಗ ತಿರುಗಿರಬಹುದು. ಒಂದು ನೇರ ಕೋಲನ್ನು ಗೋಡೆಗೆ ಒತ್ತಿ ಹಿಡಿಯಿರಿ. ಕೋಲಿನ ಹಿಂದೆ ಬೆಳಕು ಕಂಡರೆ ಅಲ್ಲಿ ಗೋಡೆ ಒಳಗೆ ಹೋಗಿದೆ.

ಮದುವೆ ಕಾರ್ಡಿನ ಮೇಲೆ ಮೂಲೆ

ಮೂಲೆ ಚೌಕವಿಲ್ಲ ಅಂತ ಗೊತ್ತಾಯಿತು. ಈಗ ಎಷ್ಟು ಓರೆ ಕೊಯ್ಯಬೇಕು? ಡಿಗ್ರಿ ಅಳೆಯುವ ಸಾಮಾನು ಬೇಕಿಲ್ಲ. ಭಾಗಿಸುವ ಲೆಕ್ಕವೂ ಬೇಕಿಲ್ಲ. ಒಂದು ಹಳೇ ಮದುವೆ ಕಾರ್ಡು, ಪೆನ್ಸಿಲು, ಪಟ್ಟಿಯ ಒಂದು ತುಂಡು ಸಾಕು. ನಮಗೆ ಈ ಉಪಾಯ ಬಹಳ ಇಷ್ಟ. ನಿಧಾನವಾಗಿ ಓದಿ. ಬೇಕಾದರೆ ಎದ್ದು ಹೋಗಿ ನಿಮ್ಮ ಮನೆ ಮೂಲೆಯಲ್ಲೇ ಮಾಡಿ ನೋಡಿ.

ಮೊದಲು ಒಳಮೂಲೆ. ಎರಡು ಗೋಡೆ ಬಂದು ಸೇರುವ ಮೂಲೆಗೆ ಒಳಮೂಲೆ ಅನ್ನೋಣ. ಕಾರ್ಡನ್ನು ಮಟ್ಟವಾಗಿ ಹಿಡಿದು ಮೂಲೆಗೆ ಒತ್ತಿ. ಕಾರ್ಡಿನ ಎರಡು ಅಂಚೂ ಗೋಡೆಗೆ ತಾಗಬೇಕು. ತಾಗದಿದ್ದರೆ ಕತ್ತರಿಯಲ್ಲಿ ಸ್ವಲ್ಪ ಸವರಿ ತಾಗಿಸಿ. ಈಗ ಪಟ್ಟಿಯ ತುಂಡನ್ನು ಕಾರ್ಡಿನ ಮೇಲೆ ನಿಲ್ಲಿಸಿ. ಅದರ ಬೆನ್ನು ಒಂದು ಗೋಡೆಗೆ ತಾಗಿರಲಿ. ಪಟ್ಟಿಯ ಮುಖದ ಕಡೆ, ಉದ್ದಕ್ಕೆ ಒಂದು ಗೆರೆ ಎಳೆಯಿರಿ. ತುಂಡನ್ನು ತೆಗೆದು ಇನ್ನೊಂದು ಗೋಡೆಗೆ ತಾಗಿಸಿ. ಅಲ್ಲೂ ಮುಖದ ಕಡೆ ಗೆರೆ ಎಳೆಯಿರಿ. ಎರಡು ಗೆರೆಗಳು ಒಂದು ಕಡೆ ಒಂದನ್ನೊಂದು ದಾಟುತ್ತವೆ. ದಾಟಿದ ಜಾಗಕ್ಕೆ ಚುಕ್ಕೆ ಇಡಿ. ಗೋಡೆಗಳು ಸೇರಿದ ಮೂಲೆಯಿಂದ ಆ ಚುಕ್ಕೆಗೆ ನೇರ ಗೆರೆ ಎಳೆಯಿರಿ.

ಆ ಓರೆ ಗೆರೆಯೇ ಕೊಯ್ಯುವ ಗೆರೆ. ಮೂಲೆ 88 ಇರಲಿ, 92 ಇರಲಿ, ಗೆರೆ ಸರಿಯಾಗಿ ನಡುವೆ ಬೀಳುತ್ತದೆ. ಎರಡೂ ಕಡೆ ಪಟ್ಟಿಯ ದಪ್ಪ ಒಂದೇ ಆದ್ದರಿಂದ ಹಾಗೆ ಬೀಳುತ್ತದೆ. ಎರಡು ಪಟ್ಟಿಯ ದಪ್ಪ ಬೇರೆ ಬೇರೆ ಇದ್ದರೆ ಮಾತ್ರ ಓರೆಯೂ ಬೇರೆ ಬೇರೆ ಆಗುತ್ತದೆ. ಅಂಗಡಿಯಲ್ಲಿ ಎಲ್ಲ ಪಟ್ಟಿಯನ್ನೂ ಒಂದೇ ಕಟ್ಟಿನಿಂದ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ.

ಇನ್ನು ಹೊರಮೂಲೆ. ಬೀರುವಿನ ಮುಂದಿನ ಮೂಲೆ ನಮ್ಮ ಕಡೆಗೆ ಚಾಚಿರುತ್ತದೆ. ಅದು ಹೊರಮೂಲೆ. ಬೀರುವಿನ ಮೇಲೆ ಕಾರ್ಡು ಇಟ್ಟು ಮೂಲೆಯಿಂದ ಸ್ವಲ್ಪ ಹೊರಗೆ ಬರುವ ಹಾಗೆ ಹಿಡಿಯಿರಿ. ಕೆಳಗಿನಿಂದ ಬೀರುವಿನ ಎರಡೂ ಅಂಚಿನ ಗೆರೆಯನ್ನು ಕಾರ್ಡಿಗೆ ಎಳೆಯಿರಿ. ಈಗ ಕಾರ್ಡನ್ನು ತಿರುಗಿಸಿ ನೆಲದ ಮೇಲಿಡಿ. ಗೆರೆಯ ಹೊರಗಡೆ ಪಟ್ಟಿಯ ತುಂಡು ಇಟ್ಟು ಹೊರ ಅಂಚಿಗೆ ಗೆರೆ ಎಳೆಯಿರಿ. ಎರಡೂ ಕಡೆ ಎಳೆಯಿರಿ. ಹೊರಗಿನ ಗೆರೆಗಳು ದಾಟಿದ ಜಾಗದಿಂದ ಒಳಗಿನ ಮೂಲೆಗೆ ಗೆರೆ ಎಳೆದರೆ ಓರೆ ಸಿಕ್ಕಿತು.

ಪ್ರತಿ ಮೂಲೆಗೂ ಒಂದು ಕಾರ್ಡು ಮಾಡಿ. ಕಾರ್ಡಿನ ಮೇಲೆ ಬರೆಯಿರಿ: ಎಡ ಮೂಲೆ, ಬಲ ಮೂಲೆ, ಕಿಟಕಿ ಮೂಲೆ. ಯಾವ ಕಡೆ ಮೇಲೆ ಅಂತಲೂ ಬರೆಯಿರಿ. ಬರೆಯದಿದ್ದರೆ ಮೂರು ಕಾರ್ಡು ಕೈಗೆ ಬಂದಾಗ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಆಚಾರ್ರಿಗೆ ಈ ಕಾರ್ಡು ಕೊಟ್ಟು, "ಆಚಾರ್ರೇ, ಈ ಮೂಲೆ ಚೌಕ ಇಲ್ಲ, ಇದರ ಮೇಲೆ ಇಟ್ಟು ಕೊಯ್ಯಿರಿ" ಅನ್ನಿ. ಒಳ್ಳೆಯ ಕೆಲಸಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ. "ಅಕ್ಕ, ಇದನ್ನ ಎಲ್ಲಿ ಕಲಿತ್ರಿ?" ಅಂತ ಕೇಳಬಹುದು.

ಎಷ್ಟು ಅಡಿ ಬೇಕು?

ಒಂದು ಲೆಕ್ಕ ಮಾಡೋಣ. ಬೀರು ಗೋಡೆಗೆ ಆತುಕೊಂಡಿದೆ. ಮುಂದಿನ ಉದ್ದ 5 ಅಡಿ. ಎಡಪಕ್ಕ 1 ಅಡಿ, ಬಲಪಕ್ಕ 1 ಅಡಿ. ಬೀರುವಿನ ತಲೆಯ ಸುತ್ತ ಪಟ್ಟಿ ಬರಬೇಕು. ಪಟ್ಟಿಯ ದಪ್ಪ ಅರ್ಧ ಇಂಚು, ಅಂದರೆ 4 ನೂಲು. 8 ನೂಲಿಗೆ ಒಂದು ಇಂಚು, 12 ಇಂಚಿಗೆ ಒಂದು ಅಡಿ.

ಬರೀ 5, 1, 1 ಕೂಡಿಸಿದರೆ 7 ಅಡಿ. ಆದರೆ 7 ಅಡಿ ಪಟ್ಟಿ ತಂದರೆ ಸಾಲದು. ಹೊರಮೂಲೆಯಲ್ಲಿ ಪಟ್ಟಿಯ ಬೆನ್ನು ಗಿಡ್ಡ, ಮುಖ ಉದ್ದ. ಓರೆಯ ತುದಿ ಬೀರುವಿನಿಂದ ಆಚೆಗೆ ಪಟ್ಟಿಯ ದಪ್ಪದಷ್ಟು ಚಾಚುತ್ತದೆ. ಮುಂದಿನ ಪಟ್ಟಿಗೆ ಎರಡು ಕಡೆ ಓರೆ. ಆದ್ದರಿಂದ 5 ಅಡಿ 1 ಇಂಚು ಬೇಕು. ಪಕ್ಕದ ಪಟ್ಟಿಗೆ ಒಂದೇ ಕಡೆ ಓರೆ. ಒಂದೊಂದಕ್ಕೆ 1 ಅಡಿ 4 ನೂಲು ಬೇಕು. ಎಲ್ಲ ಕೂಡಿಸಿ 7 ಅಡಿ 2 ಇಂಚು. ಗರಗಸದ ಹಲ್ಲು ತಿನ್ನುವುದಕ್ಕೆ, ಒಂದೆರಡು ತುಂಡು ಕೊಯ್ದು ನೋಡುವುದಕ್ಕೆ ಸ್ವಲ್ಪ ಬೇಕು. 8 ಅಡಿ ತಂದರೆ ಸರಿ.

ಒಳಮೂಲೆಯಲ್ಲಿ ಇದು ಉಲ್ಟಾ. ಅಲ್ಲಿ ಪಟ್ಟಿಯ ಬೆನ್ನು ಉದ್ದ, ಮುಖ ಗಿಡ್ಡ. ಗೋಡೆಯ ಅಳತೆ ಎಷ್ಟೋ ಪಟ್ಟಿಯೂ ಅಷ್ಟೇ. ಆದರೆ ಯಾವ ಮೂಲೆ ಆದರೂ ಒಂದು ಮಾತು ಬದಲಾಗುವುದಿಲ್ಲ. ಗೋಡೆಯ ಅಥವಾ ಬೀರುವಿನ ಅಳತೆಯನ್ನು ಪಟ್ಟಿಯ ಬೆನ್ನಿನ ಮೇಲೆ ಗುರುತು ಮಾಡಬೇಕು, ಮುಖದ ಮೇಲೆ ಅಲ್ಲ.

ದುಡ್ಡಿನ ಕಡೆ ಬರೋಣ. ಕೆಲವರು ಬೀರುವಿನ ಸುತ್ತಳತೆ ಅಂತ ನಾಲ್ಕೂ ಕಡೆ ಕೂಡಿಸಿಬಿಡುತ್ತಾರೆ. 5, 1, 5, 1 ಕೂಡಿಸಿದರೆ 12 ಅಡಿ. ಹಿಂದೆ ಗೋಡೆ ಇದೆ, ಅಲ್ಲಿಗೆ ಪಟ್ಟಿ ಯಾಕೆ? 8 ಅಡಿಗೂ 12 ಅಡಿಗೂ 4 ಅಡಿ ವ್ಯತ್ಯಾಸ. ಅಡಿಗೆ 40 ರೂಪಾಯಿ ಅಂತ ಇಟ್ಟುಕೊಂಡರೂ 160 ರೂಪಾಯಿ. ಮೋಸ ಮಾಡಬೇಕು ಅಂತಲೇ ಹೀಗೆ ಲೆಕ್ಕ ಹಾಕುತ್ತಾರೆ ಅನ್ನುವುದು ಬೇಡ. ಅವಸರದಲ್ಲೂ ಆಗುತ್ತದೆ. ಬೀರುವಿನ ಚಿತ್ರ ಬರೆದು, ಪಟ್ಟಿ ಬರುವ ಕಡೆಗೆ ಮಾತ್ರ ಗೆರೆ ಎಳೆದು, ಪ್ರತಿ ಗೆರೆಯ ಪಕ್ಕ ಅಂಕಿ ಬರೆದು ಅಂಗಡಿಗೆ ಹೋಗಿ. ಆ ಚೀಟಿ ಎಲ್ಲಾ ಮಾತನ್ನೂ ಆಡುತ್ತದೆ.

ಯಾವ ಮರದ ಪಟ್ಟಿ? ತೇಗ ಒಳ್ಳೆಯದು, ಬೆಲೆ ಜಾಸ್ತಿ. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಪಟ್ಟಿ ಅಗ್ಗ, ನುಣ್ಣಗೂ ಇರುತ್ತದೆ. ಆದರೆ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಹಾಕಬೇಡಿ. ನೀರು ಕುಡಿದು ರೊಟ್ಟಿ ಹಾಗೆ ಉಬ್ಬುತ್ತದೆ. ಪ್ಲಾಸ್ಟಿಕ್ಕಿನ ಪಟ್ಟಿ ನೀರಿಗೆ ಹೆದರುವುದಿಲ್ಲ, ಒಲೆಯ ಬಿಸಿಗೆ ಸೊಟ್ಟಗಾಗುತ್ತದೆ.

ಮೊದಲು ಮೂಲೆ, ಆಮೇಲೆ ಉದ್ದ

ತಂದ ಪಟ್ಟಿಯನ್ನು ಅದೇ ದಿನ ಕೊಯ್ಯಬೇಡಿ. ಮೂರು ನಾಲ್ಕು ದಿನ ಅಡುಗೆಮನೆಯಲ್ಲೇ ಮಲಗಿಸಿಡಿ. ಮರ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು, ಬೇಸಿಗೆಯಲ್ಲಿ ಸಡಿಲವಾಗುವುದು ನಿಮಗೆ ಗೊತ್ತು. ಅಂಗಡಿಯ ಗಾಳಿ ಬೇರೆ, ಅನ್ನ ಬೇಯುವ ಮನೆಯ ಗಾಳಿ ಬೇರೆ. ಕೊಯ್ದ ಮೇಲೆ ಮರ ಸೊರಗಿದರೆ ಮೂಲೆ ಬಾಯಿ ಬಿಡುತ್ತದೆ.

ಕೊಯ್ಯುವಾಗ ಮೊದಲು ಉದ್ದ ಅಳೆದು ಎರಡೂ ತುದಿ ಕೊಯ್ಯುವವರಿದ್ದಾರೆ. ಅದು ಒಳ್ಳೆಯ ಕ್ರಮವಲ್ಲ. ಮೂಲೆಯ ಓರೆಯನ್ನು ಮೊದಲು ಕೊಯ್ಯಬೇಕು. ಉದ್ದವನ್ನು ಹೆಚ್ಚಾಗಿಯೇ ಬಿಟ್ಟಿರಬೇಕು. ಓರೆ ಕೂಡಿತು ಅಂತ ನೋಡಿದ ಮೇಲೆ ಇನ್ನೊಂದು ತುದಿಯ ಅಳತೆ ಹಾಕಬೇಕು. ಓರೆ ಕೂಡದಿದ್ದರೆ ಮತ್ತೆ ಸವರಲು ಆಗ ಮರ ಉಳಿದಿರುತ್ತದೆ.

ಕಾರ್ಡಿನ ಓರೆಯನ್ನು ಪಟ್ಟಿಯ ಮೇಲ್ಭಾಗದ ದಪ್ಪದ ಮೇಲೆ ಎಳೆಯಬೇಕು. ಅಲ್ಲಿಂದ ಮುಖದ ಮೇಲೂ ಬೆನ್ನಿನ ಮೇಲೂ ಮೂಲೆಮಟ್ಟ ಹಿಡಿದು ನೇರ ಕೆಳಗೆ ಗೆರೆ ಇಳಿಸಬೇಕು. ಗರಗಸ ಸಣ್ಣ ಹಲ್ಲಿನದಾಗಿರಲಿ. ಗೆರೆಯ ಮೇಲೆ ಕೊಯ್ಯಬಾರದು. ಗೆರೆ ಪಟ್ಟಿಯಲ್ಲೇ ಉಳಿಯುವ ಹಾಗೆ ಅದರ ಹೊರಗೆ ಕೊಯ್ಯಬೇಕು. ಉಳಿದದ್ದನ್ನು ಉಪ್ಪುಕಾಗದದಲ್ಲಿ ತಿಕ್ಕಿ ತೆಗೆಯಬೇಕು. ಮುಖದ ಕಡೆಯ ಅಂಚನ್ನು ತಿಕ್ಕಬೇಡಿ. ಅದು ದುಂಡಗಾದರೆ ಕೂಡಿದ ಮೇಲೂ ಗೆರೆ ಕಾಣುತ್ತದೆ. ಬೆನ್ನಿನ ಕಡೆ ಒಂದು ಕೂದಲಷ್ಟು ಹೆಚ್ಚು ತಿಕ್ಕಿದರೆ ಮುಂದಿನ ಅಂಚು ಬಿಗಿಯಾಗಿ ಕೂಡುತ್ತದೆ.

ಕೆಲಸ ನಡೆಯುವಾಗ ಸೆರಗು ಸಿಕ್ಕಿಸಿಕೊಳ್ಳಿ. ಮಕ್ಕಳನ್ನು ಆಚೆ ಕಳಿಸಿ. ಹಿಟ್ಟಿನ ಡಬ್ಬ, ನೀರಿನ ಕೊಡ ಮುಚ್ಚಿ.

ಒಳಮೂಲೆಗೆ ಇನ್ನೊಂದು ದಾರಿ ಇದೆ. ನುರಿತ ಆಚಾರ್ರು ಅದನ್ನೇ ಹಿಡಿಯುತ್ತಾರೆ. ಒಂದು ಪಟ್ಟಿಯನ್ನು ಓರೆ ಮಾಡದೆ ನೇರವಾಗಿ ಗೋಡೆಯ ಮೂಲೆಯವರೆಗೂ ಓಡಿಸುತ್ತಾರೆ. ಎರಡನೇ ಪಟ್ಟಿಯ ತುದಿಯನ್ನು ಮೊದಲನೆಯದರ ಉಬ್ಬು ತಗ್ಗಿಗೆ ಸರಿಯಾಗಿ ಕೊರೆದು ಅದರ ಮೇಲೆ ಕೂರಿಸುತ್ತಾರೆ. ಮೊದಲು 45ಕ್ಕೆ ಓರೆ ಕೊಯ್ದರೆ ಮುಖದ ಮೇಲೆ ಉಬ್ಬು ತಗ್ಗಿನ ಗೆರೆ ತಾನೇ ಕಾಣುತ್ತದೆ. ಆ ಗೆರೆ ಹಿಡಿದು ತೆಳ್ಳಗಿನ ಎಳೆಯ ಗರಗಸದಲ್ಲಿ ಕೊರೆಯುತ್ತಾರೆ. ಹಿಂದಕ್ಕೆ ಸ್ವಲ್ಪ ವಾಲಿಸಿ ಕೊರೆಯುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ಮೂಲೆ ಚೌಕವಿಲ್ಲದಿದ್ದರೂ ಒಪ್ಪುತ್ತದೆ. ಬೇಸಿಗೆಯಲ್ಲಿ ಮರ ಸೊರಗಿದರೂ ಸಂದು ಅಷ್ಟಾಗಿ ಕಾಣುವುದಿಲ್ಲ. ಹೊರಮೂಲೆಗೆ ಈ ದಾರಿ ಇಲ್ಲ, ಅಲ್ಲಿ ಓರೆಯೇ ಗತಿ.

ಓರೆಯೇ ಬೇಡ ಅಂದರೆ?

ಬೀರುವಿನ ಬಾಗಿಲ ಮೇಲೆ ಚೌಕವಾಗಿ ಪಟ್ಟಿ ಹೊಡೆಸುವ ರೂಢಿ ಇದೆ. ಫೋಟೋಗೆ ಕಟ್ಟು ಹಾಕಿದ ಹಾಗೆ ಕಾಣುತ್ತದೆ. ಒಂದು ಬಾಗಿಲಿಗೆ ನಾಲ್ಕು ಮೂಲೆ. ಒಂದು ಮೂಲೆಗೆ ಎರಡು ಓರೆ, ಒಟ್ಟು ಎಂಟು. ನಾಲ್ಕು ಬಾಗಿಲಿದ್ದರೆ ಮೂವತ್ತೆರಡು ಓರೆ. ಒಂದು ತಪ್ಪಿದರೂ ಕಟ್ಟು ಕೂಡದು.

ಇಲ್ಲಿ ಓರೆಯನ್ನೇ ಬಿಡಬಹುದು. ಮೂಲೆಗೆ ಒಂದು ಸಣ್ಣ ಚೌಕದ ಬಿಲ್ಲೆ ಇಡಿ. ಬಿಲ್ಲೆ ಪಟ್ಟಿಗಿಂತ ಒಂದು ನೂಲು ದಪ್ಪ, ಒಂದೆರಡು ನೂಲು ಅಗಲ ಇರಲಿ. ಪಟ್ಟಿಯ ತುದಿಗಳನ್ನು ನೇರ ಕೊಯ್ದು ಬಿಲ್ಲೆಗೆ ತಾಗಿಸಿ. ಅಷ್ಟೇ. ಕೊಯ್ಯುವುದು ಸುಲಭ, ಕಣ್ಣಿಗೂ ಒಪ್ಪ. ಹಳೇ ಬಾಗಿಲುಗಳ ಮೇಲಿನ ಮೂಲೆಯಲ್ಲಿ ಚೌಕದೊಳಗೆ ಹೂವು ಕೆತ್ತಿರುವುದನ್ನು ನೋಡಿರಬಹುದು. ಚೆಂದವೂ ಆಯಿತು, ಕೂಡಿಸುವ ಕಷ್ಟವೂ ಕಳೆಯಿತು.

ಕಲ್ಲಿನ ಕೆಲಸದವರಿಗೂ ಇದು ಗೊತ್ತಿತ್ತು. ಮಾಗಡಿಯ ಸೋಮೇಶ್ವರ ಗುಡಿಗೋ, ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಗೋ ಹೋದಾಗ ಪ್ರದಕ್ಷಿಣೆ ಹಾಕುತ್ತಾ ಗೋಡೆಯ ಬುಡ ನೋಡಿ. ಕಲ್ಲಿನ ಕಟ್ಟಡಗಳಲ್ಲಿ ಬುಡದ ಪಟ್ಟಿ ಮೂಲೆಯಲ್ಲಿ ತಿರುಗುವಾಗ ಹಲವು ಕಡೆ ಮೂಲೆಯ ಕಲ್ಲು ಒಂದೇ ಇರುತ್ತದೆ. ಎರಡು ಮುಖವನ್ನೂ ಅದರಲ್ಲೇ ಕೆತ್ತಿರುತ್ತಾರೆ. ಕಲ್ಲಿಗೆ ಕಲ್ಲು ಸೇರುವ ಸಂದು ಮೂಲೆಯಿಂದ ಆಚೆಗೆ, ನೇರ ಜಾಗದಲ್ಲಿ ಬರುತ್ತದೆ. ಮೂಲೆಯ ಬಿಲ್ಲೆಯ ಕೆಲಸವೂ ಇದೇ ಅಲ್ಲವೇ?

ಬಿಲ್ಲೆಯ ಮೇಲೆ ಹೂವು ಬೇಕು ಅಂದರೆ ಚನ್ನಪಟ್ಟಣ ದೂರವಿಲ್ಲ. ಅಲ್ಲಿ ಗೊಂಬೆ ಮಾಡುವವರು ಮರವನ್ನು ಲೇತಿಗೆ ಕಟ್ಟಿ ತಿರುಗಿಸುತ್ತಾರೆ. ಉಳಿ ಹಿಡಿದು ಉಬ್ಬು ತಗ್ಗು ಕಡೆಯುತ್ತಾರೆ. ಮರ ಹೆಚ್ಚಾಗಿ ಆಲೆ ಮರ. ಬಿಳಿ, ಮೃದು, ನುಣುಪು. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಈ ಕೆಲಸದಲ್ಲಿ ಹೆಂಗಸರೂ ಬಹಳ ಮಂದಿ ಇದ್ದಾರೆ. 2005-06ನೇ ಸಾಲಿನಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಬೇರೆ ಊರಿನಲ್ಲಿ ಮಾಡಿದ್ದನ್ನು ಚನ್ನಪಟ್ಟಣದ್ದು ಅಂತ ಮಾರುವಂತಿಲ್ಲ.

ಗೊಂಬೆ ಕಡೆಯುವ ಲೇತಿನಲ್ಲಿ ಬೀರುವಿನ ಹಿಡಿಯನ್ನೂ ಕಡೆಯುತ್ತಾರೆ. ದುಂಡನೆಯ ಹೂವನ್ನೂ ಕಡೆಯಬಹುದು. ಅದನ್ನು ಚೌಕದ ಬಿಲ್ಲೆಯ ಮೇಲೆ ಅಂಟಿಸಿದರೆ ಮೂಲೆಯ ಹೂವು ಆಯಿತು. ಕೇಳುವಾಗ ಬಾಯಲ್ಲಿ ಹೇಳಬೇಡಿ. ಕಾಗದದ ಮೇಲೆ ಚಿತ್ರ ಬರೆದು, ಅಗಲ ಇಷ್ಟು, ದಪ್ಪ ಇಷ್ಟು, ಎಷ್ಟು ಬೇಕು ಅಂತ ಬರೆದು ಕೊಡಿ. ಒಂದು ಎಚ್ಚರಿಕೆ. ಅರಗು ಬಿಸಿಗೆ ಮೆತ್ತಗಾಗುತ್ತದೆ. ಬಿಸಿಯಲ್ಲೇ ಹತ್ತಿದ ಬಣ್ಣ ಬಿಸಿಗೇ ಕೆಡುತ್ತದೆ. ಒಲೆಯ ಪಕ್ಕದ ಬಾಗಿಲಿಗೆ ಅರಗಿನ ಹೂವು ಬೇಡ. ಅಲ್ಲಿಗೆ ಬಣ್ಣವಿಲ್ಲದ ಬರೀ ಮರದ ಹೂವು ಇರಲಿ.

ಅಂಟು, ಮೊಳೆ, ಬಣ್ಣ

ಎಲ್ಲ ತುಂಡುಗಳನ್ನೂ ಅಂಟು ಇಲ್ಲದೆ ಒಮ್ಮೆ ಜಾಗದಲ್ಲಿಟ್ಟು ನೋಡಬೇಕು. ಹೊರಮೂಲೆ ಇರುವ ಕಡೆ ಮೊದಲು ಮುಂದಿನ ಪಟ್ಟಿ, ಆಮೇಲೆ ಪಕ್ಕದ್ದು. ಓರೆಯ ತುದಿಗೂ ಅಂಟು ಹಚ್ಚಬೇಕು. ಬೆನ್ನಿಗೆ ಮಾತ್ರ ಹಚ್ಚಿ ತುದಿಯನ್ನು ಬಿಟ್ಟರೆ ಮೂಲೆ ಬೇಗ ಬಿಡುತ್ತದೆ. ಕೊಯ್ದ ತುದಿ ಅಂಟನ್ನು ಬೇಗ ಕುಡಿಯುತ್ತದೆ. ಒಮ್ಮೆ ತೆಳ್ಳಗೆ ಹಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಹಚ್ಚಿದರೆ ಗಟ್ಟಿ.

ಮೂಲೆಯ ತೀರಾ ಹತ್ತಿರ ಮೊಳೆ ಹೊಡೆದರೆ ಪಟ್ಟಿ ಸೀಳುತ್ತದೆ. ಮೊಳೆಯ ಚೂಪನ್ನು ಸುತ್ತಿಗೆಯಿಂದ ಒಂದು ಪೆಟ್ಟು ಹೊಡೆದು ಮೊಂಡು ಮಾಡಿಕೊಳ್ಳಿ. ಚೂಪು ಮೊಳೆ ಮರದ ಎಳೆಯನ್ನು ಅಗಲಿಸಿ ಸೀಳುತ್ತದೆ. ಮೊಂಡು ಮೊಳೆ ಎಳೆಯನ್ನು ತುಂಡು ಮಾಡಿಕೊಂಡು ಒಳಗೆ ಹೋಗುತ್ತದೆ. ತಲೆ ಚಿಕ್ಕದಾದ ಸಣ್ಣ ಮೊಳೆ ತನ್ನಿ.

ಕೂದಲೆಳೆ ಸಂದು ಉಳಿದರೆ ಅದೇ ಪಟ್ಟಿಯನ್ನು ಉಪ್ಪುಕಾಗದದಲ್ಲಿ ತಿಕ್ಕಿದಾಗ ಬಂದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಬಹುದು. ಒಣಗಿದ ಮೇಲೆ ತಿಕ್ಕಿದರೆ ಮರದ ಬಣ್ಣಕ್ಕೇ ಸೇರುತ್ತದೆ. ಆದರೆ ಅಗಲದ ಸಂದಿಗೆ ಹುಡಿ ತುಂಬುವುದು ಕೆಲಸವಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೆ ಅದು ಉದುರಿ ಬರುತ್ತದೆ. ಸಂದಿನಲ್ಲಿ ಉಗುರು ಹೋಗುವಷ್ಟು ಜಾಗ ಇದ್ದರೆ ಆ ಪಟ್ಟಿಯನ್ನು ತೆಗೆದು ಮತ್ತೆ ಕೊಯ್ಯಿರಿ ಅಂತ ಹೇಳಿ. ಇದನ್ನು ಬಣ್ಣ ಹೊಡೆಯುವ ಮೊದಲೇ ಹೇಳಬೇಕು. ಬಣ್ಣ ಹೊಡೆದ ದಿನ ಎಲ್ಲ ಮೂಲೆಯೂ ಚೆನ್ನಾಗೇ ಕಾಣುತ್ತದೆ.

ಬಣ್ಣವಿಲ್ಲದ ಹಸಿ ಪಟ್ಟಿಗೆ ಅರಿಶಿನದ ಕೈ ತಾಗಿದರೆ ಕಲೆ ಹೋಗುವುದಿಲ್ಲ. ಆದ್ದರಿಂದ ಪಾಲಿಷ್ ಆಗುವವರೆಗೂ ಬೀರುವಿಗೆ ಹಳೇ ಸೀರೆ ಹೊದಿಸಿಡಿ. ಅಂಟು ಒಣಗಲು ಒಂದು ರಾತ್ರಿ ಬಿಡಿ. ಅಲ್ಲಿಯವರೆಗೆ ಬಾಗಿಲನ್ನು ಜೋರಾಗಿ ಹಾಕಬಾರದು, ಪಟ್ಟಿಗೆ ಒದ್ದೆ ಬಟ್ಟೆ ತಾಗಿಸಬಾರದು.